ಅಡುಗೆಮನೆಯಿಂದ ಬಸ್ ಸ್ಟಾಪಿನವರೆಗೆ: ದಿನಬಳಕೆಯ ಮಾತುಗಳಿಂದ ಗ್ರೀಕ್ ಪದ ಕಲಿಯುವುದು ಹೇಗೆ

ಗ್ರೀಕ್ ಕಲಿಯಲು ಕೂತಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಇಂಗ್ಲಿಷ್ ಬಲ್ಲವರಿಗೆ ಅಂತ ಮಾಡಿದ ಸಾವಿರ ಪದಗಳ ಒಂದು ಪಟ್ಟಿ ಹಿಡಿದು ದಿನಕ್ಕೆ 30 ಪದ ಬಾಯಿಪಾಠ ಮಾಡಲು ಹೊರಟೆ. ಮೂರನೇ ವಾರಕ್ಕೆ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಆಮೇಲೆ ಪಟ್ಟಿ ಪಕ್ಕಕ್ಕಿಟ್ಟು, ಮನೆಯಲ್ಲಿ ಕೈಗೆ ಸಿಗುವ ವಸ್ತುಗಳಿಂದ ಶುರು ಮಾಡಿದೆ. ಆಗ ಒಂದು ವಿಷಯ ಗೊತ್ತಾಯಿತು. ಕನ್ನಡದವರಿಗೆ ಗ್ರೀಕ್‌ಗೆ ಹೋಗಲು ಇಂಗ್ಲಿಷ್‌ಗಿಂತ ಹತ್ತಿರದ ಬಾಗಿಲುಗಳು ಎಷ್ಟೋ ಇವೆ. ಈ ಬರಹ ಆ ಬಾಗಿಲುಗಳ ಬಗ್ಗೆ.

ಮೊದಲೇ ಒಂದು ಮಾತು. ನಾನು ಹೇಳುತ್ತಿರುವುದು ಇವತ್ತು ಅಥೆನ್ಸ್‌ನಲ್ಲಿ, ಥೆಸಲೊನೀಕಿಯಲ್ಲಿ, ಸೈಪ್ರಸ್‌ನಲ್ಲಿ ಜನ ಆಡುವ ಗ್ರೀಕ್. ಪ್ಲೇಟೋ ಓದಬೇಕು, ಬೈಬಲ್‌ನ ಹೊಸ ಒಡಂಬಡಿಕೆಯನ್ನು ಮೂಲದಲ್ಲೇ ಓದಬೇಕು ಅಂತಿದ್ದರೆ ಅದರ ವ್ಯಾಕರಣ ಬೇರೆ, ಉಚ್ಚಾರವನ್ನೂ ಬೇರೆ ರೀತಿ ಕಲಿಸುತ್ತಾರೆ. ಪದಗಳು ತುಂಬಾ ಕಡೆ ಒಂದೇ, ಆದರೆ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ.

ಮೊದಲ ವಾರ: ಅಕ್ಷರ ಮತ್ತು ಕಿವಿ

ಅಕ್ಷರ 24. ಅದರಲ್ಲಿ ಅರ್ಧದಷ್ಟು ನಿಮಗೆ ಆಗಲೇ ಗೊತ್ತು, ಯಾಕೆಂದರೆ ಹೈಸ್ಕೂಲಿನ ಗಣಿತ, ವಿಜ್ಞಾನದಲ್ಲಿ ನೋಡಿದ್ದೀರಿ. ಆಲ್ಫಾ, ಬೀಟಾ, ಗಾಮಾ, ಥೀಟಾ, ಪೈ, ಲ್ಯಾಂಬ್ಡಾ, ಮ್ಯೂ, ಸಿಗ್ಮಾ, ಒಮೇಗಾ. ಕಷ್ಟ ಕೊಡುವುದು ಇಂಗ್ಲಿಷ್ ಅಕ್ಷರದ ವೇಷದಲ್ಲಿ ಬರುವವು. ಇಂಗ್ಲಿಷ್ ಪಿ ತರ ಕಾಣುವುದು ರ್, ಸಣ್ಣ ವಿ ತರ ಕಾಣುವುದು ನ್, ದೊಡ್ಡ ಹೆಚ್ ತರ ಕಾಣುವುದು ಇ, ಎಕ್ಸ್ ತರ ಕಾಣುವುದು ಖ್. ಇಷ್ಟನ್ನು ಮೊದಲ ಎರಡು ದಿನದಲ್ಲೇ ಗಟ್ಟಿ ಮಾಡಿಕೊಳ್ಳಿ. ಪ್ರಶ್ನೆ ಚಿಹ್ನೆಯ ಜಾಗದಲ್ಲಿ ಅವರು ಹಾಕುವುದು ನಮ್ಮ ಅರ್ಧವಿರಾಮ, ಅದನ್ನೂ ನೆನಪಿಡಿ.

ಉಚ್ಚಾರದಲ್ಲಿ ನಮಗೆ ಲಾಭ ಜಾಸ್ತಿ. ಅವರ ತ್ ನಮ್ಮ ತ್, ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವುದು. ಇಂಗ್ಲಿಷ್‌ನ ಟ್ ಅಲ್ಲ. ಪ್, ಕ್ ಕೂಡ ನಮ್ಮ ಹಾಗೇ, ಗಾಳಿ ಊದದೆ. ಸ್ವರ ಶಬ್ದಗಳು ಐದೇ: ಅ, ಎ, ಇ, ಒ, ಉ. ಹೊಸದಾಗಿ ಕಲಿಯಬೇಕಾದ್ದು ನಾಲ್ಕು. ಬೀಟಾ ಈಗ ವ್ ಆಗಿದೆ, ಅಕ್ಷರದ ಹೆಸರೇ ವೀತ. ಡೆಲ್ಟಾ ಅಂದರೆ ಇಂಗ್ಲಿಷ್‌ನವರು ‘ದಿಸ್’ ಅನ್ನುವಾಗ ಬರುವ ಮೆದು ದ್. ಥೀಟಾ ಅಂದರೆ ಅವರು ‘ಥಿಂಕ್’ ಅನ್ನುವಾಗ ಬರುವ ಉಸಿರಿನ ಥ್. ಗಾಮಾ ಗಂಟಲಲ್ಲಿ ಉಜ್ಜಿಕೊಂಡು ಬರುವ ಗ್, ಆದರೆ ಇ, ಎ ಮುಂದೆ ಬಂದರೆ ಯ್ ಆಗುತ್ತದೆ. ಖ್ ಕೂಡ ಹಾಗೇ, ಇ, ಎ ಮುಂದೆ ಮೆತ್ತಗಾಗಿ ಹ್ ತರ ಕೇಳುತ್ತದೆ.

ಇನ್ನು ಸ್ವರದ ಮೇಲಿನ ಬಲ. ಒಂದಕ್ಕಿಂತ ಜಾಸ್ತಿ ಸ್ವರ ಇರುವ ಪದಗಳಲ್ಲಿ ಯಾವುದನ್ನು ಒತ್ತಿ ಹೇಳಬೇಕು ಅಂತ ಒಂದು ಸಣ್ಣ ಗೀಟು ಹಾಕಿ ತೋರಿಸುತ್ತಾರೆ. 1982ರಲ್ಲಿ ಹಳೆಯ ಹಲವು ಗುರುತುಗಳನ್ನು ಬಿಟ್ಟು ಈ ಒಂದನ್ನೇ ಉಳಿಸಿಕೊಂಡರು. ಗೀಟು ತಪ್ಪಿದರೆ ಅರ್ಥವೇ ಬೇರೆ. ಪೋತೆ ಅಂದರೆ ‘ಯಾವಾಗ’, ಪೊತೇ ಅಂದರೆ ‘ಯಾವತ್ತೂ ಇಲ್ಲ’. ನೋಮೊಸ್ ಅಂದರೆ ಕಾನೂನು, ನೊಮೋಸ್ ಅಂದರೆ ಗ್ರೀಸ್‌ನಲ್ಲಿ 2010ರವರೆಗೆ ಇದ್ದ, ಜಿಲ್ಲೆಯಂಥ ಆಡಳಿತ ವಿಭಾಗ. ಕಡು, ಕಾಡು ಬೇರೆ ಬೇರೆ ಅಂತ ಹುಟ್ಟಿನಿಂದ ಕಿವಿಗೆ ಗೊತ್ತಿರುವ ನಮಗೆ ಇದು ಕಷ್ಟವೇ ಅಲ್ಲ. ಈ ಬರಹದಲ್ಲಿ ಬಲ ಬೀಳುವ ಕಡೆ ದೀರ್ಘ ಬರೆದಿದ್ದೇನೆ. ದೀರ್ಘ ಕಂಡಲ್ಲಿ ಒತ್ತಿ ಹೇಳಿ, ಸಾಕು.

ಕನ್ನಡ ಲಿಪಿಯಲ್ಲಿ ಗ್ರೀಕ್ ಓದುವುದು ಈ ಮೊದಲ ವಾರಕ್ಕೆ ಮಾತ್ರ. ಎರಡನೇ ವಾರದಿಂದ ಪ್ರತಿ ಪದವನ್ನೂ ಗ್ರೀಕ್ ಅಕ್ಷರದಲ್ಲೇ ಬರೆಯಿರಿ, ಫೋನಿಗೆ ಗ್ರೀಕ್ ಕೀಬೋರ್ಡ್ ಹಾಕಿಕೊಳ್ಳಿ. ಕಾರಣ ಇದೆ. ಇ ಅನ್ನುವ ಒಂದೇ ಶಬ್ದವನ್ನು ಅವರು ಐದಾರು ರೀತಿ ಬರೆಯುತ್ತಾರೆ. ಅದು ಕಣ್ಣಿಗೆ ರೂಢಿಯಾಗದೆ ಬರುವುದಿಲ್ಲ.

ಎರಡನೇ ವಾರ: ಬಾಯಿಗೆ ಬರಬೇಕಾದ ಎಂಟು ಹತ್ತು ಮಾತು

ಬೆಳಿಗ್ಗೆ ಕಲಿಮೇರ, ಸಂಜೆ ಕಲಿಸ್ಪೇರ, ಮಲಗುವ ಮುಂಚೆ ಕಲಿನೀಖ್ತ. ಥ್ಯಾಂಕ್ಸ್‌ಗೆ ಎಫ್ಖರಿಸ್ತೋ. ಪರಕಲೋ ಅಂದರೆ ‘ದಯವಿಟ್ಟು’ ಕೂಡ ಹೌದು, ‘ಪರವಾಗಿಲ್ಲ ಬಿಡಿ’ ಕೂಡ ಹೌದು.

ಸಲಿಗೆಯವರಿಗೆ ಯಾ ಸು, ಗೌರವದವರಿಗೆ ಅಥವಾ ಹಲವರಿಗೆ ಯಾ ಸಸ್. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಈ ವ್ಯತ್ಯಾಸ ತಲೆಗೆ ಹತ್ತಲು ಹೊತ್ತು ಬೇಕು. ನಮಗೆ ನೀನು, ನೀವು ಇದೆ, ಮುಗಿಯಿತು. ಅಂಗಡಿಯವರಿಗೆ, ದೊಡ್ಡವರಿಗೆ, ಗೊತ್ತಿಲ್ಲದವರಿಗೆ ಸಸ್. ಯಾ ಅಂದರೆ ಆರೋಗ್ಯ. ಹೈಜೀನ್ ಪದದ ಬೇರೂ ಇದೇ. ಈ ಯಾ ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲ್ಲರೂ ಎಡವುವ ಜಾಗ: ನೇ ಅಂದರೆ ಹೌದು. ಇಂಗ್ಲಿಷ್‌ನ ನೋ, ಹಿಂದಿಯ ನಹೀ ಕೇಳಿದ ಕಿವಿಗೆ ಇದು ಪೂರಾ ಉಲ್ಟಾ. ಇಲ್ಲ ಅನ್ನಲು ಓಹಿ. ನಮ್ಮ ‘ಊಹೂಂ’ ನೆನಪು ಮಾಡಿಕೊಳ್ಳಿ, ಓಹಿ ತಾನಾಗೇ ಬರುತ್ತದೆ. ಈ ಪದಕ್ಕೆ ಗ್ರೀಸ್‌ನಲ್ಲಿ ಒಂದು ರಜೆ ದಿನವೇ ಇದೆ, ಅಕ್ಟೋಬರ್ 28. 1940ರಲ್ಲಿ ಮುಸೊಲಿನಿ ಕಳಿಸಿದ ಬೆದರಿಕೆಗೆ ಅಲ್ಲಿನ ಪ್ರಧಾನಿ ಮೆತಾಕ್ಸಾಸ್ ಒಪ್ಪಲಿಲ್ಲ. ಆ ದಿನಕ್ಕೆ ಓಹಿ ದಿನ ಅಂತಲೇ ಹೆಸರು. ಇನ್ನೊಂದು ವಿಷಯ, ಎಷ್ಟೋ ಸಲ ಅವರು ಬಾಯಿಬಿಟ್ಟು ಓಹಿ ಅನ್ನುವುದೇ ಇಲ್ಲ. ಹುಬ್ಬು ಏರಿಸಿ, ತಲೆ ಸ್ವಲ್ಪ ಮೇಲಕ್ಕೆತ್ತಿ ‘ತ್ಚ್’ ಅಂದರೆ ಅದೇ ಇಲ್ಲ.

ಏಲ ಅಂದರೆ ‘ಬಾ’. ಗೆಳೆಯರು ಫೋನ್ ಎತ್ತಿದಾಗ ಹಲೋ ಬದಲು ಅನ್ನುವುದೂ ಇದನ್ನೇ. ಪಾಮೆ ಅಂದರೆ ‘ಹೋಗೋಣ’. ಈ ಎರಡು ಪದ ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತವೆ.

ಮೂರನೇ ವಾರ: ಅಡುಗೆಮನೆಗೆ ಬನ್ನಿ

ನನ್ನ ಪ್ರಕಾರ ನಿಜವಾದ ಕಲಿಕೆ ಶುರುವಾಗುವುದು ಇಲ್ಲಿ. ಸಣ್ಣ ಚೀಟಿ ತಗೊಂಡು ಡಬ್ಬಿಗಳ ಮೇಲೆ ಅಂಟಿಸಿ. ಆದರೆ ಒಂದು ನಿಯಮ, ಇದರಲ್ಲಿ ರಾಜಿ ಬೇಡ: ಪದವನ್ನು ಒಂಟಿಯಾಗಿ ಬರೆಯಬೇಡಿ. ಅದರ ಮುಂದಿನ ಒ, ಇ, ತೊ ಸೇರಿಸಿಯೇ ಬರೆಯಿರಿ. ಒ ಬಂದರೆ ಪುಲ್ಲಿಂಗ, ಇ ಬಂದರೆ ಸ್ತ್ರೀಲಿಂಗ, ತೊ ಬಂದರೆ ನಪುಂಸಕ. ಕನ್ನಡದಲ್ಲಿ ಕುರ್ಚಿ, ಮೇಜು ಎಲ್ಲ ‘ಅದು’. ಗ್ರೀಕ್‌ನಲ್ಲಿ ಕುರ್ಚಿ ಇ ಕರೇಕ್ಲ, ಅಂದರೆ ಹೆಣ್ಣು. ಮೇಜು ತೊ ತ್ರಪೇಜ಼ಿ, ನಪುಂಸಕ. ರಸ್ತೆ ಒ ದ್ರೋಮೊಸ್, ಗಂಡು. ಇದಕ್ಕೆ ಅರ್ಥದಲ್ಲಿ ಕಾರಣ ಹುಡುಕಬೇಡಿ, ಪದದ ಬಾಲ ನೋಡಿ. ಸಾಮಾನ್ಯವಾಗಿ ಒಸ್‌ನಲ್ಲಿ ಮುಗಿದರೆ ಗಂಡು, ಅ ಅಥವಾ ಇ ಬಂದರೆ ಹೆಣ್ಣು, ಒ ಬಂದರೆ ನಪುಂಸಕ. ಆದರೆ ಇನ್ನೊಂದು ಇ ಇದೆ. ಅದನ್ನು ಇಂಗ್ಲಿಷ್ ಐ ತರ ಕಾಣುವ ಅಯೋಟಾ ಅಕ್ಷರದಲ್ಲಿ ಬರೆಯುತ್ತಾರೆ, ಅದು ನಪುಂಸಕ. ಅದಕ್ಕೇ ಗ್ರೀಕ್ ಅಕ್ಷರದಲ್ಲೇ ಬರೆಯಿರಿ ಅಂದಿದ್ದು. ಮಗು ಅವರಲ್ಲೂ ನಪುಂಸಕ, ತೊ ಪೆದೀ. ನಾವೂ ‘ಮಗು ಅಳುತ್ತಿದೆ’ ಅಂತೀವಿ, ಅಲ್ವಾ?

ಈಗ ಡಬ್ಬಿಗಳು. ನೀರು ತೊ ನೆರೋ. ಕೇಳಿದ ಕೂಡಲೇ ನಮ್ಮದೇ ಅನಿಸುತ್ತದೆ, ಆದರೆ ಎರಡಕ್ಕೂ ಸಂಬಂಧ ಇಲ್ಲ. ‘ತಾಜಾ ನೀರು’ ಅನ್ನುವ ಹಳೆಯ ಗ್ರೀಕ್ ಮಾತಿನಲ್ಲಿ ನೀರು ಬಿದ್ದುಹೋಗಿ ತಾಜಾ ಮಾತ್ರ ಉಳಿದು ನೆರೋ ಆಗಿದೆ. ಸಂಬಂಧ ಇಲ್ಲದಿದ್ದರೂ ನೆನಪಿಗೆ ಇದಕ್ಕಿಂತ ಒಳ್ಳೆಯ ಗಂಟು ಬೇಕಾ?

ಸಕ್ಕರೆ ಇ ಜ಼ಾಖರಿ. ಇದು ಮಾತ್ರ ನಿಜವಾದ ನೆಂಟಸ್ತಿಕೆ. ಸಂಸ್ಕೃತದ ಶರ್ಕರಾ ಅತ್ತ ಹೋಗಿ ಜ಼ಾಖರಿ ಆಯಿತು, ಇತ್ತ ನಮ್ಮಲ್ಲಿ ಸಕ್ಕರೆ ಆಯಿತು. ಕರಿಮೆಣಸು ತೊ ಪಿಪೇರಿ. ಇದರ ಬೇರು ಪಿಪ್ಪಲಿ, ಅಂದರೆ ನಮ್ಮ ಹಿಪ್ಪಲಿ. ಕ್ರಿಸ್ತಶಕ 1ನೇ ಶತಮಾನದ ಪೆರಿಪ್ಲಸ್ ಅನ್ನುವ ಗ್ರೀಕ್ ವ್ಯಾಪಾರಿ ಕೈಪಿಡಿಯಲ್ಲಿ ಮಲಬಾರ್ ತೀರದ ಮುಜ಼ಿರಿಸ್‌ನಿಂದ ಮೆಣಸು ತುಂಬಿಕೊಂಡು ಹೋಗುತ್ತಿದ್ದ ವಿವರ ಇದೆ. ಸರಕಿನ ಜೊತೆಗೇ ಹೆಸರೂ ಹಡಗು ಹತ್ತಿತು. ಟೀ ಅವರಿಗೂ ತೊ ತ್ಸಾಯಿ.

ಹಾಲು ತೊ ಗಾಲ. ಗ್ಯಾಲಕ್ಸಿ ಅನ್ನುವ ಪದ ಹುಟ್ಟಿದ್ದು ಈ ಹಾಲಿನಿಂದಲೇ, ಆಕಾಶದಲ್ಲಿ ಹಾಲು ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅದಕ್ಕೆ. ಉಪ್ಪು ತೊ ಅಲಾತಿ, ಅಕ್ಕಿ ತೊ ರೀಜ಼ಿ, ಎಣ್ಣೆ ತೊ ಲಾದಿ, ಮೊಟ್ಟೆ ತೊ ಅವ್ಗೋ, ಈರುಳ್ಳಿ ತೊ ಕ್ರೆಮೀದಿ, ಬೆಳ್ಳುಳ್ಳಿ ತೊ ಸ್ಕೋರ್ದೊ, ಟೊಮೆಟೊ ಇ ದೊಮಾತ, ಆಲೂಗಡ್ಡೆ ಇ ಪತಾತ. ಬ್ರೆಡ್ಡು ತೊ ಪ್ಸೊಮೀ. ಇಲ್ಲಿ ಪ್ಸ್ ಎರಡೂ ಬಾಯಲ್ಲಿ ಕೇಳಬೇಕು. ಇಂಗ್ಲಿಷ್‌ನವರು ಸೈಕಾಲಜಿ ಅನ್ನುವಾಗ ಪ್ ನುಂಗುತ್ತಾರೆ, ಗ್ರೀಕರು ನುಂಗುವುದಿಲ್ಲ.

ವೈನ್‌ಗೆ ತೊ ಕ್ರಸೀ. ಇದರ ಮೂಲ ಅರ್ಥ ‘ಬೆರೆಸುವುದು’. ಹಳೆಯ ಗ್ರೀಕರು ವೈನ್‌ಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಒಂದು ಪದದ ಹಿಂದೆ ಇಂಥ ಒಂದು ಕತೆ ಸಿಕ್ಕರೆ ಆ ಪದವನ್ನು ಮತ್ತೆ ಬಾಯಿಪಾಠ ಮಾಡುವ ಕೆಲಸವೇ ಇಲ್ಲ. ಅದಕ್ಕೇ ನಾನು ಪ್ರತಿ ಚೀಟಿಯ ಹಿಂದೆ ಒಂದೇ ಸಾಲು ಬರೆದಿಡುತ್ತೇನೆ. ಕತೆ ಸಿಗದಿದ್ದರೆ ನಮ್ಮದೇ ಒಂದು ಗಂಟು ಹಾಕಿಕೊಳ್ಳುತ್ತೇನೆ.

ದಿನಕ್ಕೆ ಎಂಟು ಪದಕ್ಕಿಂತ ಜಾಸ್ತಿ ಹೊಸದು ಬೇಡ. ಇವತ್ತು ಕಲಿತಿದ್ದನ್ನು ನಾಳೆ ಒಂದು ಸಲ, ಮೂರು ದಿನ ಬಿಟ್ಟು ಒಂದು ಸಲ, ವಾರಕ್ಕೆ ಒಂದು ಸಲ, ಹದಿನೈದು ದಿನಕ್ಕೆ ಒಂದು ಸಲ ನೋಡಿ. ಈ ಲೆಕ್ಕ ಇಡಲು ಬೇಜಾರಾದರೆ ಆಂಕಿ ಅನ್ನುವ ಆ್ಯಪ್ ತಾನೇ ಇಡುತ್ತದೆ. ಆದರೆ ಅದರಲ್ಲಿ ಬೇರೆಯವರು ಮಾಡಿಟ್ಟ ಕಾರ್ಡ್ ಇಳಿಸಿಕೊಳ್ಳಬೇಡಿ, ನೀವೇ ಮಾಡಿ. ಕಾರ್ಡಿನ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಗ್ರೀಕ್. ನಡುವೆ ಇಂಗ್ಲಿಷ್ ಯಾಕೆ?

ಸಂಖ್ಯೆ, ವಾರ: ಇಲ್ಲಿ ಪಂಚಾಂಗ ಸಹಾಯಕ್ಕೆ ಬರುತ್ತದೆ

ಕನ್ನಡ ದ್ರಾವಿಡ ಭಾಷೆ, ಗ್ರೀಕ್‌ಗೂ ಅದಕ್ಕೂ ಹುಟ್ಟಿನ ಸಂಬಂಧ ಇಲ್ಲ. ಆದರೆ ಸಂಸ್ಕೃತ ಮತ್ತು ಗ್ರೀಕ್ ಒಂದೇ ಕುಟುಂಬದವು, ಮತ್ತು ನಮ್ಮ ನಾಲಿಗೆಯ ಮೇಲೆ ಸಂಸ್ಕೃತ ಪದಗಳು ಬೇಕಾದಷ್ಟಿವೆ. ಎಣಿಸಿ ನೋಡಿ: ಏನ, ದೀಯೊ, ತ್ರೀಯ, ತೇಸೆರ, ಪೇಂದೆ, ಏಕ್ಸಿ, ಎಫ್ತಾ, ಒಖ್ತೋ, ಎನ್ಯಾ, ದೇಕ. ದ್ವಿ, ತ್ರಿ, ಪಂಚ, ಸಪ್ತ, ಅಷ್ಟ, ನವ, ದಶ ಪಕ್ಕದಲ್ಲಿಟ್ಟರೆ ಹತ್ತು ನಿಮಿಷದ ಕೆಲಸ.

ವಾರಗಳು ಇನ್ನೂ ಚಂದ. ಗ್ರೀಕರು ಭಾನುವಾರದಿಂದ ಎಣಿಸಿ ಸೋಮವಾರಕ್ಕೆ ‘ಎರಡನೆಯದು’ ಅಂತಾರೆ, ದೆಫ್ತೇರ. ಮಂಗಳವಾರ ತ್ರೀತಿ, ಬುಧವಾರ ತೆತಾರ್ತಿ, ಗುರುವಾರ ಪೇಂಪ್ತಿ. ಅಂದರೆ ಬಿದಿಗೆ, ತದಿಗೆ, ಚೌತಿ, ಪಂಚಮಿ! ತಿಥಿ ಎಣಿಸಿ ಗೊತ್ತಿರುವವರಿಗೆ ಈ ನಾಲ್ಕು ದಿನ ಪುಕ್ಕಟೆ ಸಿಕ್ಕ ಹಾಗೆ. ಶುಕ್ರವಾರ ಪರಸ್ಕೆವೀ, ‘ತಯಾರಿ’ ಅಂತ ಅರ್ಥ, ಮರುದಿನದ ಸಬ್ಬತ್‌ಗೆ, ಅಂದರೆ ಯೆಹೂದಿಗಳ ವಿಶ್ರಾಂತಿ ದಿನಕ್ಕೆ ತಯಾರಿ. ಶನಿವಾರ ಸಾವತೊ, ಅದೇ ಸಬ್ಬತ್. ಭಾನುವಾರ ಕಿರ್ಯಕೀ, ದೇವರ ದಿನ. ಅಂದ ಹಾಗೆ ಅವರಿಗೆ ಕೆಟ್ಟ ದಿನ 13ನೇ ತಾರೀಖಿನ ಶುಕ್ರವಾರ ಅಲ್ಲ, 13ನೇ ತಾರೀಖಿನ ಮಂಗಳವಾರ. ಗ್ರೀಕರ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬಿದ್ದ 1453ರ ಮೇ 29 ಮಂಗಳವಾರವೇ ಆಗಿತ್ತು.

ಇದೇ ದಾರಿಯಲ್ಲಿ ಇನ್ನೂ ಸ್ವಲ್ಪ ದೂರ ಹೋಗಿ. ಹೆಸರಿಗೆ ಓನೊಮ, ನಮ್ಮ ನಾಮ. ಕಾಲಿಗೆ ಪೋದಿ, ಪಾದ. ಹಲ್ಲಿಗೆ ದೋಂದಿ, ದಂತ. ಮಂಡಿಗೆ ಗೋನತೊ, ಸಂಸ್ಕೃತದ ಜಾನು. ತಿಂಗಳಿಗೆ ಮೀನಸ್, ಮಾಸ. ನಿದ್ದೆಗೆ ಈಪ್ನೊಸ್, ಸ್ವಪ್ನದ ನೆಂಟ. ದೀನೊ ಅಂದರೆ ಕೊಡುತ್ತೇನೆ, ದಾನ. ಪೀನೊ ಅಂದರೆ ಕುಡಿಯುತ್ತೇನೆ, ಪಾನ. ನನಗೆ ತುಂಬಾ ಇಷ್ಟವಾದ ಎರಡು ಬೇರೆಯೇ ಇವೆ. ಒಂದು ಥಿಮೋಸ್, ಅಂದರೆ ಸಿಟ್ಟು. ಇದು ಧೂಮದ ನೆಂಟ, ಒಳಗೆ ಹೊಗೆಯಾಡುವುದು. ಇನ್ನೊಂದು ಅದೆರ್ಫೋಸ್, ಅಣ್ಣ ಅಥವಾ ತಮ್ಮ. ಅದರ ಹಳೆಯ ಅರ್ಥ ‘ಒಂದೇ ಗರ್ಭದವನು’. ಸಹೋದರ ಅನ್ನುವುದನ್ನು ಬಿಡಿಸಿ ನೋಡಿ, ಅಲ್ಲಿಯೂ ಒಂದೇ ಉದರ. ಕನ್ನಡದ ಒಡಹುಟ್ಟಿದವನೂ ಅದೇ ಮಾತು.

ಪ್ರಯಾಣ ಎರಡೂ ಕಡೆಗಿತ್ತು ಅನ್ನುವುದನ್ನೂ ಮರೆಯಬೇಡಿ. ಜ್ಯೋತಿಷದ ‘ಹೋರಾ’ ಗ್ರೀಕ್‌ನಿಂದ ಬಂದದ್ದು. ಇವತ್ತಿಗೂ ಗ್ರೀಸ್‌ನಲ್ಲಿ ಟೈಮ್ ಎಷ್ಟು ಅಂತ ಕೇಳಲು ‘ತಿ ಓರ ಈನೆ’ ಅಂತಾರೆ, ಆ ಓರ ಇದೇ ಹೋರಾ. ಕೇಂದ್ರ ಅನ್ನುವುದೂ ಹಾಗೆ ಬಂದದ್ದು. ಅಥೆನ್ಸ್ ರಸ್ತೆಯ ಬೋರ್ಡಿನಲ್ಲಿ ಊರೊಳಗೆ ಹೋಗುವ ದಾರಿಗೆ ‘ಕೇಂದ್ರೊ’ ಅಂತ ಬರೆದಿರುತ್ತದೆ. ಮೊದಲ ಸಲ ಅದನ್ನು ಅಕ್ಷರ ಕೂಡಿಸಿ ಓದಿದಾಗ ನನಗಾದ ಖುಷಿ ಹೇಳಲು ಆಗುವುದಿಲ್ಲ.

ಆಸ್ಪತ್ರೆಯ ಬೋರ್ಡು ಒಂದು ಗ್ರೀಕ್ ನಿಘಂಟು

ಇದಕ್ಕೆ ಗ್ರೀಸ್‌ಗೆ ಹೋಗಬೇಕಾಗಿಲ್ಲ. ನಿಮ್ಮೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಒಳಗೆ ನಿಂತು ಗೋಡೆಯ ಮೇಲಿನ ಪಟ್ಟಿ ಓದಿ. ಕಾರ್ಡಿಯಾಲಜಿ: ಇ ಕರ್ದ್ಯಾ, ಹೃದಯ. ನೆಫ್ರಾಲಜಿ: ತೊ ನೆಫ್ರೋ, ಮೂತ್ರಪಿಂಡ. ಡರ್ಮಟಾಲಜಿ: ತೊ ದೇರ್ಮ, ಚರ್ಮ. ಹಿಮಟಾಲಜಿ: ತೊ ಏಮ, ರಕ್ತ. ಪೀಡಿಯಾಟ್ರಿಕ್ಸ್‌ನಲ್ಲಿ ಎರಡು ಪದ ಇದೆ, ಮಗು ಅನ್ನುವ ಪೆದೀ, ಡಾಕ್ಟರ್ ಅನ್ನುವ ಯತ್ರೋಸ್. ಅವರು ಕೂಡಿಸಿ ಪೆದೀಯತ್ರೊಸ್ ಅಂತಾರೆ, ಹಲ್ಲಿನ ಡಾಕ್ಟರಿಗೆ ಒದೊಂದೀಯತ್ರೊಸ್. ಕೈಗೆ ತೊ ಹೇರಿ, ಕಣ್ಣಿಗೆ ತೊ ಮಾತಿ, ಬಾಯಿಗೆ ತೊ ಸ್ತೋಮ. ಇವು ನಮಗೆ ಇಂಗ್ಲಿಷ್ ಮೂಲಕ ಬಂದಿವೆ ನಿಜ, ಆದರೆ ಕನ್ನಡದ ಬೋರ್ಡುಗಳ ಮೇಲೇ ದಿನಾ ಕಾಣುತ್ತವೆ. ಕಂಡದ್ದನ್ನು ಬಿಡಬೇಡಿ.

ಬೀದಿಯ ಪದಗಳು

ಗ್ರೀಸ್‌ಗೆ ಹೋಗುವವರಿಗೆ, ಓದಲು ಅಥವಾ ಕೆಲಸಕ್ಕೆ ಹೋಗಿ ಅಲ್ಲೇ ಇರುವವರಿಗೆ ಇದು ಬೇಗ ಬೇಕು. ಬಸ್ ಸ್ಟಾಪಿಗೆ ಇ ಸ್ತಾಸಿ, ಸ್ಥಾನ, ಸ್ಥಿತಿ ಇವುಗಳ ಬಳಗ, ನಿಲ್ಲುವ ಜಾಗ. ಮೆಟ್ರೋದಲ್ಲಿ ‘ಎಪೋಮೆನಿ ಸ್ತಾಸಿ’ ಅಂದರೆ ಮುಂದಿನ ನಿಲ್ದಾಣ. ಒಳಗೆ ಹೋಗಲು ಈಸೊದೊಸ್, ಹೊರಗೆ ಬರಲು ಏಕ್ಸೊದೊಸ್. ಇವೆರಡೂ ಒಸ್ ಬಾಲ ಇದ್ದರೂ ಹೆಣ್ಣು, ನಿಯಮ ಮುರಿಯುವ ಪದಗಳು. ಅಂಗಡಿ ತೆರೆದಿದ್ದರೆ ಅನಿಖ್ತೋ, ಮುಚ್ಚಿದ್ದರೆ ಕ್ಲಿಸ್ತೋ. ಔಷಧಿ ಅಂಗಡಿ ಫರ್ಮಕೀಯೊ, ಹಸಿರು ಶಿಲುಬೆಯ ಗುರುತು ಇರುತ್ತದೆ. ಬ್ರೆಡ್ಡಿನ ಅಂಗಡಿ ಫೂರ್ನೊಸ್. ಪೇಪರ್, ನೀರು, ಚಾಕಲೇಟ್ ಎಲ್ಲ ಸಿಗುವ ರಸ್ತೆ ಬದಿಯ ಗೂಡಂಗಡಿ ಪೆರೀಪ್ತೆರೊ. ನಮ್ಮ ವಾರದ ಸಂತೆಯ ಹಾಗೆ ಬಡಾವಣೆಯ ಬೀದಿಯಲ್ಲಿ ವಾರಕ್ಕೊಮ್ಮೆ ತರಕಾರಿ ಸಂತೆ ಸೇರುತ್ತದೆ, ಅದು ಲಯಿಕೀ. ಪದ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ, ಯಾಕೆಂದರೆ ಮಾರುವವರು ಒಂದೇ ಪದವನ್ನು ಜೋರಾಗಿ ಕೂಗುತ್ತಲೇ ಇರುತ್ತಾರೆ. ‘ಪೋಸೊ ಕಾನಿ’ ಅಂದರೆ ಎಷ್ಟು ಆಗುತ್ತದೆ.

ಸಾಮಾನು ಸಾಗಿಸುವ ಲಾರಿಗಳ ಮೇಲೆ ‘ಮೆತಫೊರೇಸ್’ ಅಂತ ಬರೆದಿರುತ್ತದೆ. ಸಾಹಿತ್ಯದಲ್ಲಿ ರೂಪಕಕ್ಕೆ ಮೆಟಫರ್ ಅಂತಾರಲ್ಲ, ಅದೇ ಪದ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು. ಬ್ಯಾಂಕಿಗೆ ತ್ರಾಪೆಜ಼, ಮೇಜಿಗೆ ತ್ರಪೇಜ಼ಿ. ದುಡ್ಡು ಬದಲಿಸಿ ಕೊಡುವವರು ಮೇಜು ಹಾಕಿಕೊಂಡು ಕೂರುತ್ತಿದ್ದ ಕಾಲದ ಗುರುತು ಅದು.

ಎರಡನೇ ತಿಂಗಳು: ಪದಗಳನ್ನು ವಾಕ್ಯಕ್ಕೆ ಹಾಕಿ

ಸುಮಾರು 200 ಪದ ಆದಮೇಲೆ ಹೊಸ ಪದದ ವೇಗ ಕಡಿಮೆ ಮಾಡಿ, ಇರುವುದನ್ನು ಕೂಡಿಸಿ. ‘ಬರುತ್ತೇನೆ’ ಅಂದರೆ ಸಾಕು, ‘ನಾನು’ ಬೇಕಿಲ್ಲ. ಗ್ರೀಕ್ ಕೂಡ ಹಾಗೇ, ಕ್ರಿಯಾಪದದ ಬಾಲವೇ ಯಾರು ಅಂತ ಹೇಳುತ್ತದೆ. ಥೇಲೊ ಅಂದರೆ ನನಗೆ ಬೇಕು, ಥೇಲಿಸ್ ನಿನಗೆ ಬೇಕು, ಥೇಲಿ ಅವನಿಗೆ ಅಥವಾ ಅವಳಿಗೆ, ಥೇಲುಮೆ ನಮಗೆ, ಥೇಲೆತೆ ನಿಮಗೆ, ಥೇಲುನ್ ಅವರಿಗೆ. ‘ಥೇಲೊ ನೆರೋ, ಪರಕಲೋ’, ಒಂದು ವಾಕ್ಯ ಆಯಿತು. ‘ದೆನ್ ಥೇಲೊ ಜ಼ಾಖರಿ’, ಸಕ್ಕರೆ ಬೇಡ. ಇಷ್ಟ ಅನ್ನುವುದಂತೂ ಕನ್ನಡದ ಅಚ್ಚಿನಲ್ಲೇ ಇದೆ: ‘ಮು ಅರೇಸಿ ತೊ ತ್ಸಾಯಿ’, ನನಗೆ ಟೀ ಇಷ್ಟ. ಇಂಗ್ಲಿಷ್ ಮೂಲಕ ಬಂದವರು ‘ನಾನು ಇಷ್ಟಪಡುತ್ತೇನೆ’ ಅಂತ ಯೋಚಿಸಿ ಇಲ್ಲಿ ತಪ್ಪುತ್ತಾರೆ, ನೀವು ನೇರ ‘ನನಗೆ’ ಅಂತ ಯೋಚಿಸಿ.

ದಿನಾ ಸಂಜೆ ಅಂಗಡಿ ಚೀಟಿಯನ್ನು ಗ್ರೀಕ್‌ನಲ್ಲೇ ಬರೆಯಿರಿ. ಅಡುಗೆ ಮಾಡುತ್ತಾ ಕೈಗೆ ಬಂದದ್ದರ ಹೆಸರು ಜೋರಾಗಿ ಹೇಳಿ. ಮಾತಿನ ನಡುವೆ ಅವರು ಪದಕ್ಕೆ ಆಕಿ ಸೇರಿಸುವುದು ಕೇಳಿಸುತ್ತದೆ, ನೆರೋ ಹೋಗಿ ನೆರಾಕಿ, ಪ್ಸೊಮೀ ಹೋಗಿ ಪ್ಸೊಮಾಕಿ. ಹೊಸ ಪದ ಅಂತ ಗಾಬರಿ ಬೇಡ, ಪ್ರೀತಿಯಿಂದ ಸಣ್ಣದು ಮಾಡಿ ಹೇಳುವ ರೀತಿ ಅಷ್ಟೇ.

ಯಾರಾದರೂ ಗ್ರೀಕ್ ಮನೆಯಲ್ಲಿ ನಿಮಗೆ ಊಟ ಹಾಕಿದರೆ ಬರೀ ಎಫ್ಖರಿಸ್ತೋ ಅಂದು ಏಳಬೇಡಿ. ಅಡುಗೆ ಮಾಡಿದವರಿಗೆ ಹೇಳುವ ಒಂದು ಮಾತಿದೆ: ‘ಯಾ ಸ್ತ ಹೇರ್ಯ ಸಸ್’. ಯಾ ಎರಡನೇ ವಾರದಲ್ಲೇ ಬಂತು, ಆರೋಗ್ಯ. ಹೇರಿ ಆಸ್ಪತ್ರೆಯ ಬೋರ್ಡಿನ ಹತ್ತಿರ ಬಂತು, ಕೈ. ಸಸ್ ಅಂದರೆ ನಿಮ್ಮ. ನಿಮ್ಮ ಕೈ ಚೆನ್ನಾಗಿರಲಿ ಅಂತ.